ಬಿತ್ತುವಟ್ಟವೂ ಗ್ರಾಮಗಳ ಆಪದ್ಧನವೂ

ಪುರಸಭೆ, ಗ್ರಾಮಪಂಚಾಯತಿ ಮೊದಲಾದ ಸ್ಥಳೀಯ ಸಂಸ್ಥೆಗಳು ಸುಭಿಕ್ಷಕಾಲದ ಆದಾಯದಲ್ಲಿ ಒಂದಂಶವನ್ನು ದುರ್ಭಿಕ್ಷಕಾಲಕ್ಕೆಂದು ಬೇರೆಯಿರಿಸುವ ಪದ್ಧತಿಯನ್ನು ನೂತನವೆಂಬಂತೆ ವರ್ಣಿಸುವುದುಂಟು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರೀಬಿದನೂರು ಸೀಮೆಗಳ ಶಾಸನಗಳನ್ನು ಓದಿದವರಿಗೆ ಅದು ನೂತನವಾಗಿ ತೋರಲಾರದು. ಅಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದಗಳು ಕೇವಲ ದಾನವಿಶೇಷಗಳಲ್ಲ. ಗ್ರಾಮದ ಆಪದ್ಧನವನ್ನು ಕಾಯ್ದಿಡುವ ವ್ಯವಸ್ಥೆಯ ಅಂಗಗಳು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಯ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರಪಿನಾಕಿನಿಯೂ ಪಾಪಘ್ನಿಯೂ ಮಳೆಗಾಲದ ಹೊಳೆಗಳೇ. ಆದಕಾರಣ ಕೆರೆಯೇ ಇಲ್ಲಿಯ ಕೋಶ, ಏರಿಯೇ ಅದರ ಬೀಗ. ಏರಿ ಒಡೆದರೆ, ತೂಬು ಕೆಟ್ಟರೆ, ಹೂಳು ತುಂಬಿದರೆ ಗ್ರಾಮದ ಸಂಚಿತದ್ರವ್ಯವೇ ಹೋದಂತೆ. ಆ ರಿಪೇರಿಗೆ ಹಣವು ಬೇಕಾಗುವುದು ಬೆಳೆ ಹೋದ ವರ್ಷದಲ್ಲಿ. ಆಗಲೇ ರೈತನ ಕೈ ಬರಿದು. ಈ ತೊಡಕನ್ನು ಹಿಂದಿನವರು ಬಿಡಿಸಿದ ಬಗೆ ವಿಚಾರಾರ್ಹವಾಗಿದೆ.

ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೧೦ನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯದು. ೨೦೦೭ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನಗಳೂ ಅದರೊಳಗೇ ಇವೆ. ಈ ಸೀಮೆಗಳ ಶಾಸನಗಳಲ್ಲಿ ಬಿತ್ತುವಟ್ಟವೆಂಬುದು ಕೆರೆಯ ಸಂಬಂಧವಾಗಿ ಬಿಟ್ಟ ಭೂಮಿ ಅಥವಾ ಫಲದ ಅಂಶ. ಕೆರೆಯನ್ನು ಕಟ್ಟಿದವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಕಟ್ಟಿದವನಿಗೋ ಜೀರ್ಣೋದ್ಧಾರ ಮಾಡಿದವನಿಗೋ ಸಲ್ಲುತ್ತಿದ್ದ ದಶವಂದದ ಹೆಸರೇ ಹತ್ತನೆಯ ಒಂದಂಶವನ್ನು ಸೂಚಿಸುತ್ತದೆ. ಹೂಳನ್ನು ತೆಗೆದು ಏರಿಗೆ ಸಾಗಿಸುವ ಕೆರೆಬಂಡಿಗೂ ಭೂಮಿಯನ್ನು ಬಿಟ್ಟುದುಂಟು.

ಇವೆಲ್ಲಕ್ಕೂ ಸಾಮಾನ್ಯವಾದ ಲಕ್ಷಣವೊಂದಿದೆ. ಕೂಡಿಟ್ಟದ್ದು ನಾಣ್ಯವಲ್ಲ, ವರ್ಷವರ್ಷವೂ ಫಲ ಕೊಡುವ ಭೂಮಿ. ಅದರ ವಿನಿಯೋಗವು ಕಲ್ಲಿನ ಮೇಲೆ ನಿಯತವಾಗಿತ್ತು, ಅದನ್ನು ಅನುಭವಿಸುವವನ ಹೆಸರೂ ಅಲ್ಲಿಯೇ ಇತ್ತು. ತಪ್ಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವನ್ನು ನಾವು ಓದಿ ದಾಟಿಬಿಡುತ್ತೇವೆ. ಲೆಕ್ಕಪರಿಶೋಧಕನಿಲ್ಲದ ಕಾಲದಲ್ಲಿ ಆ ಶಾಪವೇ ಪರಿಶೋಧಕನ ಕೆಲಸವನ್ನು ಮಾಡುತ್ತಿತ್ತೆಂದು ನನ್ನ ಅಭಿಪ್ರಾಯ. ಬಿತ್ತು ಎಂದರೆ ಬೀಜ. ಪದದ ವ್ಯುತ್ಪತ್ತಿ ಹೇಗೇ ಇರಲಿ, ಬಿತ್ತನೆಯ ಕಾಳನ್ನು ಉಣ್ಣಲಾಗದೆಂಬ ಒಕ್ಕಲಿಗನ ವಿವೇಕವೇ ಈ ವ್ಯವಸ್ಥೆಯ ಜೀವಾಳ.

ಶಾಸ್ತ್ರಸಂಪ್ರದಾಯವೂ ಇದಕ್ಕೆ ಅನುಗುಣವಾಗಿದೆ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಕೋಷ್ಠಾಗಾರಪ್ರಕರಣದಲ್ಲಿ, ಸಂಗ್ರಹದ ಅರ್ಧವನ್ನು ಜಾನಪದರ ಆಪತ್ತಿಗೆಂದು ಇಟ್ಟು ಉಳಿದರ್ಧವನ್ನು ಮಾತ್ರ ಬಳಸಬೇಕೆಂದೂ, ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕೆಂದೂ ವಿಧಿಯಿದೆ. ಬಂಗಾಳದ ಮಹಾಸ್ಥಾನದಲ್ಲಿ ೧೯೩೧ರಲ್ಲಿ ದೊರೆತ ಬ್ರಾಹ್ಮೀ ಶಾಸನವು, ಆಪತ್ಕಾಲದಲ್ಲಿ ಉಗ್ರಾಣದಿಂದ ಕೊಟ್ಟದ್ದನ್ನು ಸುಭಿಕ್ಷ ಬಂದಮೇಲೆ ಮರಳಿ ತುಂಬಬೇಕೆಂದು ಆಜ್ಞಾಪಿಸುತ್ತದೆ. ಹೀಗೆ ವಿನಿಯೋಗ, ಪಾಲಕ, ಪುನಃಪೂರಣ ಎಂಬ ಮೂರನ್ನೂ ಮೊದಲೇ ಗೊತ್ತುಮಾಡಿಟ್ಟ ನಿಧಿಯೇ ಆಪದ್ಧನವೆನಿಸತಕ್ಕದ್ದು.

ಇಲ್ಲಿ ಒಂದಾಕ್ಷೇಪಣೆ ಬರಬಹುದು: ಎರಡು ವರ್ಷ ಮಳೆಯೇ ಬಾರದಿದ್ದರೆ ಬಿತ್ತುವಟ್ಟದಿಂದ ಏನು ಪ್ರಯೋಜನ? ಇದು ಯಥಾರ್ಥವೇ. ೧೮೭೬-೭೮ರ ಮಹಾಕ್ಷಾಮದಲ್ಲಿ ಕೆರೆಗಳೂ ಬತ್ತಿದುವು. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷದೊಳಕ್ಕೆ ಇಳಿಯಿತು. ಸಂಸ್ಥಾನವು ಕೂಡಿಟ್ಟಿದ್ದ ಉಳಿಕೆ ಕರಗಿಹೋಗಿ, ಅದರ ಮೇಲೆ ೮೦ ಲಕ್ಷ ರೂಪಾಯಿಗಳ ಸಾಲವೂ ಬಿದ್ದಿತು. ಗ್ರಾಮದ ನಿಧಿಯು ಒಂದು ವರ್ಷದ ಕೊರತೆಯನ್ನು ತಡೆಯಬಲ್ಲದು. ಅದಕ್ಕೆ ಮೀರಿದುದಕ್ಕೆ ರಾಜ್ಯದ ಬೊಕ್ಕಸವೇ ಬೇಕು. ಆದರೆ ಬೊಕ್ಕಸವಿದೆಯೆಂದು ಗ್ರಾಮನಿಧಿಯನ್ನು ಅಲಕ್ಷಿಸಿದರೆ ಪ್ರತಿಯೊಂದು ಚಿಕ್ಕ ಕೊರತೆಯೂ ದೊಡ್ಡದಾಗಿ ಬೊಕ್ಕಸದ ಬಾಗಿಲಿಗೇ ಬಂದು ನಿಲ್ಲುವುದು.

ಅನಂತರದ ಕಾಲದಲ್ಲಿ ಕೆರೆಗಳ ಭಾರವು ಬಹುಮಟ್ಟಿಗೆ ಸರ್ಕಾರದ ಇಲಾಖೆಗಳಿಗೆ ಸೇರಿತು. ಅದರಲ್ಲಿ ರೈತರನ್ನು ಮತ್ತೆ ತೊಡಗಿಸಬೇಕೆಂದೇ ಮೈಸೂರಿನಲ್ಲಿ ೧೯೧೧ರ ಕೆರೆ ಪಂಚಾಯತಿ ರೆಗ್ಯುಲೇಷನ್ ಹೊರಟಿತು. ವಿಪತ್ತು ನಿರ್ವಹಣೆಗಾಗಿ ೨೦೦೫ರಲ್ಲಿ ಆದ ಕೇಂದ್ರದ ಕಾನೂನಿನ ೪೮ನೆಯ ಪ್ರಕರಣವು ರಾಜ್ಯಕ್ಕೂ ಜಿಲ್ಲೆಗೂ ಪ್ರತ್ಯೇಕ ನಿಧಿಗಳನ್ನು ವಿಧಿಸಿದೆ. ಆ ಪ್ರಕರಣದಲ್ಲಿ ಗ್ರಾಮದ ಹೆಸರಿಲ್ಲ. ನಮ್ಮ ಶಾಸನಗಳಾದರೋ ಗ್ರಾಮದಿಂದಲೇ ಆರಂಭಿಸುತ್ತವೆ.

ಸಾಹಿತ್ಯಾಧ್ಯಾಪಕರು ಶಾಸನಪಾಠಗಳನ್ನು ಬೋಧಿಸುವಾಗ ರಾಜರ ಬಿರುದಾವಳಿಯಲ್ಲಿಯೇ ನಿಲ್ಲದೆ ಕೊನೆಯ ನಾಲ್ಕು ಪಂಕ್ತಿಗಳವರೆಗೂ ಓದಬೇಕೆಂದು ವಿಜ್ಞಾಪಿಸುತ್ತೇನೆ. ಬಿರುದುಗಳನ್ನು ಹೊತ್ತವರ ರಾಜ್ಯಗಳು ಅಳಿದುವು. ಆ ಪಂಕ್ತಿಗಳಲ್ಲಿ ಹೇಳಿದ ಕೆರೆಗಳು ಮಾತ್ರ, ಅವನ್ನು ಕಾಯ್ದವರಿದ್ದ ಕಡೆಗಳಲ್ಲಿ, ಇನ್ನೂ ನೀರನ್ನು ಹಿಡಿಯುತ್ತಿವೆ.