ಕೇಳು, ಚರ್ಚಿಸು, ಮಾಡು: 1956ರ ಒಂದು ರೇಡಿಯೊ ಪ್ರಯೋಗ

ಇವತ್ತಿನ ಮಾತು ಸುಮಾರು ಎಪ್ಪತ್ತು ವರ್ಷ ಹಿಂದೆ ಪುಣೆ ಸುತ್ತಮುತ್ತ ನಡೆದ ಒಂದು ರೇಡಿಯೊ ಪ್ರಯೋಗದ ಬಗ್ಗೆ. ಆದರೆ ನಾನು ಅದನ್ನ ಹುಡುಕಿಕೊಂಡು ಹೋಗಿದ್ದು ನನ್ನದೇ ಒಂದು ಪೆದ್ದುತನದಿಂದ. ಮೊದಲು ಅದನ್ನ ಹೇಳಿಬಿಡ್ತೀನಿ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಆಫೀಸಿಗೆ ಹೋಗಿಬರುವಾಗ ದಿನಾ ಎರಡು ಗಂಟೆ ಬಸ್ಸಿನಲ್ಲಿ. ಇತಿಹಾಸ, ಅರ್ಥಶಾಸ್ತ್ರ, ಕೃಷಿ, ಸಿಕ್ಕಿದ್ದೆಲ್ಲ ನೋಡ್ತೀನಿ, ಕೇಳ್ತೀನಿ. ಹೋದ ದೀಪಾವಳಿಗೆ ವಿಜಯಪುರ ಜಿಲ್ಲೆಯ ನಮ್ಮೂರಿಗೆ ಹೋದಾಗ ಅಪ್ಪ ಹೊಲದ ತಗ್ಗಿನ ಭಾಗ ತೋರಿಸಿದರು. ನೆಲದ ಮೇಲೆಲ್ಲ ಬೆಳ್ಳಗೆ ಉಪ್ಪು. ಸವಳು ಹತ್ತಿತ್ತು. ಸವಳು ಭೂಮಿ ಬಗ್ಗೆ ಮೂರು ಕಂತಿನ ಉಪನ್ಯಾಸವನ್ನ ನಾನು ಪೂರ್ತಿ ನೋಡಿದ್ದೆ. "ಅಪ್ಪಾ, ಜಿಪ್ಸಮ್ ಹಾಕಬೇಕು" ಅಂದೆ.

"ಎಷ್ಟ ಹಾಕಬೇಕು? ಯಾವಾಗ ಹಾಕಬೇಕು? ಎಲ್ಲಾ ಸವಳಿಗೂ ಅದ ನಡೀತೈತೇನು?"

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

"ಹಂಗಾದ್ರ ನೀ ನೋಡಿದ್ದರ ಏನೋ ತಮ್ಮಾ?"

ಆದರೂ ಮಗ ಎಂ.ಟೆಕ್ ಓದಿದವನು ಅಂತ ಜಿಪ್ಸಮ್ ತರಿಸೋಕೆ ಹೊರಟೇಬಿಟ್ಟಿದ್ದರು. ಪುಣ್ಯಕ್ಕೆ ಅದಕ್ಕೂ ಮುಂಚೆ ಮಣ್ಣು ಪರೀಕ್ಷೆಗೆ ಕೊಟ್ಟರು. ನಮ್ಮ ಮಣ್ಣಿನ ತೊಂದರೆ ಬರೀ ಲವಣದ್ದು, ಸೋಡಿಯಂದು ಅಲ್ಲ ಅಂತ ಬಂತು. ಜಿಪ್ಸಮ್ ಕೆಲಸಕ್ಕೆ ಬರೋದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ. ನಮಗೆ ಬೇಕಿದ್ದದ್ದು ಬಸಿಗಾಲುವೆ ತೆಗೆದು, ಒಳ್ಳೆ ನೀರು ಕೊಟ್ಟು ಉಪ್ಪನ್ನ ಕೆಳಗೆ ಇಳಿಸಿ ಹೊರಗೆ ಕಳಿಸೋದು. ಪುಣೆಗೆ ಬಂದು ಆ ಉಪನ್ಯಾಸವನ್ನ ಮತ್ತೆ ಹಾಕಿದೆ. ಈ ವ್ಯತ್ಯಾಸವನ್ನ ಎರಡನೇ ಕಂತಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. ನಾನು ಕೇಳಿದ್ದೆ, ತಲೆ ಆಡಿಸಿದ್ದೆ. ಉಳಿದದ್ದು ಮಾತ್ರ ಒಂದೇ ಒಂದು ಪದ. ಆ ಒಂದು ಪದವನ್ನ ನಂಬಿ ಅಪ್ಪ ದುಡ್ಡು ಸುರಿಯೋದರಲ್ಲಿದ್ದರು.

ಕೇಳಿದ್ದು ಯಾಕೆ ಉಳಿಯಲ್ಲ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ 1956ರ ಈ ಪ್ರಯೋಗ.

ಆಗಿನ್ನೂ ದೇಶಾದ್ಯಂತ ಭಾಷಾವಾರು ರಾಜ್ಯ ಪುನರ್ವಿಂಗಡಣೆ ಆಗಿರಲಿಲ್ಲ. ಪುಣೆಯೂ ನಮ್ಮ ವಿಜಯಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಯುನೆಸ್ಕೊ ನೆರವಿನಿಂದ ಆಕಾಶವಾಣಿ ಒಂದು ಪರೀಕ್ಷೆ ನಡೆಸಿತು. ಪುಣೆ, ಅಹಮದ್‌ನಗರ, ನಾಸಿಕ್, ಉತ್ತರ ಸಾತಾರಾ, ಕೊಲ್ಹಾಪುರ, ಈ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ. ಹತ್ತು ವಾರ, ವಾರಕ್ಕೆರಡು ಸಂಜೆ, ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು 20. ವಿಷಯಗಳು ಬೇಸಾಯ, ಆರೋಗ್ಯ, ಶಿಕ್ಷಣ, ಪಂಚಾಯ್ತಿ ಇಂಥವು.

ಹಳ್ಳಿಗೆ ಒಂದು ರೇಡಿಯೊ ಇಟ್ಟು ಊರಿನವರನ್ನ ಕೂರಿಸೋದು ಆಗಲೇ ಹಳೇ ಸಂಗತಿ. ಹೊಸದು ಅದರ ಸುತ್ತ ಮಾಡಿದ ವ್ಯವಸ್ಥೆ. ಪ್ರತಿ ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನರ ಒಂದು ಕೂಟ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ಕಾರ್ಯಕ್ರಮ ಮುಗಿದ ಮೇಲೆ ಎದ್ದು ಹೋಗೋ ಹಾಗಿಲ್ಲ. ಕೇಳಿದ್ದರ ಮೇಲೆ ಮಾತಾಡಬೇಕು: ಇದು ನಮ್ಮೂರಿಗೆ ಹೊಂದುತ್ತಾ, ಇಲ್ವಾ, ಯಾರು ಏನು ಮಾಡಬೇಕು? ಕಾರ್ಯದರ್ಶಿ ಅದನ್ನೆಲ್ಲ ಬರೆದು, ಉತ್ತರ ಸಿಗದ ಪ್ರಶ್ನೆಗಳನ್ನ ಸೇರಿಸಿ ರೇಡಿಯೊ ಕೇಂದ್ರಕ್ಕೆ ಕಳಿಸಬೇಕು. ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರುತ್ತಿತ್ತು. 1941ರಲ್ಲಿ ಕೆನಡಾದ ರೈತರಿಗಾಗಿ ಶುರುವಾದ ರೇಡಿಯೊ ಕೂಟಗಳಿಂದ ತಂದ ಪದ್ಧತಿ ಇದು. ಅದರ ಸಾರ ಮೂರು ಮಾತು: ಕೇಳು, ಚರ್ಚಿಸು, ಮಾಡು.

ಇಂಜಿನಿಯರ್ ಆದ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಪರೀಕ್ಷೆ ಮಾಡಿದ ರೀತಿ. ಮೌಲ್ಯಮಾಪನದ ಹೊಣೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯದ್ದು. ಅದನ್ನ ನಡೆಸಿದವರು ಪಾಲ್ ನಾಯ್‌ರಾತ್. ವಿಯೆನ್ನಾದವರು, ಹಿಟ್ಲರನ ಡಾಖಾವ್ ಮತ್ತು ಬೂಖೆನ್‌ವಾಲ್ಡ್ ಶಿಬಿರಗಳಿಂದ ಬದುಕಿಬಂದ ಸಮಾಜಶಾಸ್ತ್ರಜ್ಞ. ಅವರು ಬರೀ ಕೂಟದ ಹಳ್ಳಿಗಳನ್ನ ನೋಡಿ ಸುಮ್ಮನಾಗಲಿಲ್ಲ. ರೇಡಿಯೊ ಇದ್ದು ಕೂಟ ಇಲ್ಲದ ಹಳ್ಳಿಗಳು, ರೇಡಿಯೊನೇ ಇಲ್ಲದ ಹಳ್ಳಿಗಳು, ಇವನ್ನೂ ಆರಿಸಿಕೊಂಡರು. ಪ್ರಸಾರಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಜನರಿಗೆ ಪ್ರಶ್ನೆ ಕೇಳಿ ತಿಳಿವಳಿಕೆ ಅಳೆದರು.

ಫಲಿತಾಂಶ ಹೀಗಿತ್ತು. ಕೂಟದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಏರಿತ್ತು. ಕೂಟ ಇಲ್ಲದ ಹಳ್ಳಿಗಳಲ್ಲಿ, ರೇಡಿಯೊ ಇದ್ದ ಕಡೆಯೂ, ಹೇಳಿಕೊಳ್ಳುವಂಥ ಏರಿಕೆ ಇಲ್ಲ. ರೇಡಿಯೊ ಇದ್ದರಷ್ಟೇ ಸಾಲದು ಅನ್ನೋದು ಅಂಕಿಗಳಲ್ಲೇ ಕಂಡಿತು. ಕೂಟದ ಹಳ್ಳಿಗಳಲ್ಲಿ ಬಾವಿ ತೋಡಿದರು, ಒಳ್ಳೆ ತಳಿಯ ಹೋರಿ ಮತ್ತು ಲೆಗ್‌ಹಾರ್ನ್ ಕೋಳಿ ತಂದರು, ಬಾಲವಾಡಿ ಶುರುಮಾಡಿದರು. ಆಕಾಶವಾಣಿಯ ಮಹಾನಿರ್ದೇಶಕ ಜೆ.ಸಿ. ಮಾಥುರ್ ಮತ್ತು ನಾಯ್‌ರಾತ್ ಬರೆದ ವರದಿಯನ್ನ ಯುನೆಸ್ಕೊ 1959ರಲ್ಲಿ ಪ್ರಕಟಿಸಿತು.

ಅದೇ ವರ್ಷ ಈ ಕೂಟಗಳನ್ನ ದೇಶಕ್ಕೆಲ್ಲ ವಿಸ್ತರಿಸಿದರು. ಲೆಕ್ಕದಲ್ಲಿ ಕೂಟಗಳು ಸಾವಿರಗಟ್ಟಲೆ ಆದವು. ಆದರೆ ಪುಣೆಯಲ್ಲಿ ಜಿಲ್ಲೆಗಳ ಸಂಘಟಕರು ಹಳ್ಳಿ ಹಳ್ಳಿ ತಿರುಗಿ ಕೂಟವನ್ನ ಜೀವಂತ ಇಟ್ಟಿದ್ದರು. ಆ ಮುತುವರ್ಜಿ ಎಲ್ಲ ಕಡೆ ಉಳಿಯಲಿಲ್ಲ. ಕೊನೆಗೆ ಕೂಟ ಹೋಯ್ತು, ರೇಡಿಯೊ ಮಾತ್ರ ಉಳೀತು.

ಈಗ ನನ್ನ ಕಿವಿಯಲ್ಲಿರೋದೂ ಅದೇ, ಕೂಟ ಇಲ್ಲದ ರೇಡಿಯೊ. ಚರ್ಚೆಯಿಂದ ಏನಾಗುತ್ತೆ? ಕೇಳಿದ್ದನ್ನ ನಾವೇ ನೆನಪಿನಿಂದ ಹೊರಗೆ ತೆಗೀಬೇಕಾಗುತ್ತೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದ ವಿದ್ಯಾರ್ಥಿಗಳ ಮೇಲೆ ಇದನ್ನ ಪರೀಕ್ಷಿಸಿದರು. ಪಾಠವನ್ನ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ನನ್ನಂಥವರು ಮೋಸ ಹೋಗೋದು ಆ ಐದು ನಿಮಿಷದಲ್ಲೇ. ವಿಡಿಯೊ ಮುಗಿದ ತಕ್ಷಣ ಎಲ್ಲ ಗೊತ್ತಾಯ್ತು ಅನ್ಸುತ್ತೆ.

ಇಪ್ಪತ್ತು ಜನರ ಕೂಟ ಕಟ್ಟೋಕೆ ನನ್ನ ಕೈಲಿ ಆಗಲಿಲ್ಲ. ಇಬ್ಬರದ್ದು ಮಾಡಿಕೊಂಡಿದ್ದೀನಿ. ವಾರಕ್ಕೆ ಕೃಷಿಯದ್ದು ಒಂದೇ ಒಂದು ವಿಡಿಯೊ. ಮುಗಿದ ಮೇಲೆ ಫೋನ್ ಬದಿಗಿಟ್ಟು ನೆನಪಿದ್ದಷ್ಟು ಬರೀತೀನಿ, ಆಮೇಲೆ ತಪ್ಪು ತಿದ್ದಿಕೊಳ್ತೀನಿ. ಭಾನುವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಚೀಟಿ ನೋಡದೆ ಹೇಳ್ತೀನಿ. ಅವರು ಪ್ರಶ್ನೆ ಹಾಕ್ತಾರೆ. ಉತ್ತರ ಮುಂದಿನ ಭಾನುವಾರ. ಮೊದಲಿಗೆ ಹೋಲಿಸಿದರೆ ಈಗ ನೋಡೋದು ಕಾಲು ಭಾಗ ಕೂಡ ಇಲ್ಲ. ಆದರೆ ಕ್ಷಾರ ಮಣ್ಣಿಗೂ ಲವಣ ಮಣ್ಣಿಗೂ ಇರೋ ವ್ಯತ್ಯಾಸವನ್ನ ಇವತ್ತು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಹೋದ ಭಾನುವಾರ ಬಸಿಗಾಲುವೆಯ ಆಳ, ಇಳಿಜಾರು ಎಲ್ಲ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, "ಎಲ್ಲಾ ಖರೇ. ಆ ಉಪ್ಪನೀರು ಬಸದು ಬಾಜೂದವರ ಹೊಲಕ್ಕ ಹೋದ್ರ ಏನ್ ಮಾಡೂದು?" ಅಂದರು. ಯಾವ ಕಂತಿನಲ್ಲೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಈ ವಾರ ಅದನ್ನೇ ಓದ್ತಾ ಇದ್ದೀನಿ.

ಈ ಮಾತನ್ನ ಕೇಳಿದ ಮೇಲೆ ನೀವೂ ಮನೆಯಲ್ಲಿ ಒಬ್ಬರಿಗಾದರೂ ಇದನ್ನ ಹೇಳಿ ನೋಡಿ. ಎಲ್ಲಿ ತಡವರಿಸ್ತೀರೋ, ಅಲ್ಲಿಂದ ಮತ್ತೆ ಶುರುಮಾಡಿ. ಮುಂದಿನ ವಾರ ಸಿಗೋಣ.