ಶುಶ್ರೂಷಾ ಸಹಾಯಕ ವೃತ್ತಿಗೆ ಸೇರಲಿಚ್ಛಿಸುವವರಿಗೆ ಮಾಹಿತಿ

1. ಪೀಠಿಕೆ

ಆಸ್ಪತ್ರೆ, ನರ್ಸಿಂಗ್ ಹೋಂ, ವೃದ್ಧಾಶ್ರಮ ಹಾಗೂ ಮನೆಗಳಲ್ಲಿ ರೋಗಿಗಳ ದಿನನಿತ್ಯದ ಆರೈಕೆಗಾಗಿ ತರಬೇತಿ ಪಡೆದ ಸಿಬ್ಬಂದಿಯನ್ನು ಶುಶ್ರೂಷಾ ಸಹಾಯಕರು ಎಂದು ಕರೆಯಲಾಗುತ್ತದೆ. ಹಿಂದೆ ವಾರ್ಡ್ ಬಾಯ್ ಅಥವಾ ಆಯಾ ಎಂಬ ಹೆಸರಿನಲ್ಲಿ ತರಬೇತಿ ಇಲ್ಲದೆಯೇ ನಡೆಯುತ್ತಿದ್ದ ಈ ಕೆಲಸಕ್ಕೆ ಈಗ ನಿಗದಿತ ಪಠ್ಯಕ್ರಮ, ಪರೀಕ್ಷೆ ಮತ್ತು ಪ್ರಮಾಣಪತ್ರಗಳಿವೆ. ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನಲ್ಲಿ ಈ ಹುದ್ದೆಯ ಹೆಸರು "ಜನರಲ್ ಡ್ಯೂಟಿ ಅಸಿಸ್ಟೆಂಟ್" ಎಂದಾಗಿದ್ದು, ಸಂಕ್ಷಿಪ್ತವಾಗಿ ಜಿ.ಡಿ.ಎ. ಎನ್ನಲಾಗುತ್ತದೆ.

ಈ ಪ್ರಮಾಣಪತ್ರವನ್ನು ಪಡೆದವರು ಶುಶ್ರೂಷಾ ಸಹಾಯಕರಾಗುತ್ತಾರೆಯೇ ಹೊರತು ನರ್ಸ್ ಆಗುವುದಿಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಶುಲ್ಕ ಪಾವತಿಸಿದ ಅಭ್ಯರ್ಥಿಯು ಹಣವನ್ನು ಮಾತ್ರವಲ್ಲದೆ ಒಂದೆರಡು ವರ್ಷಗಳನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮೊದಲು ಈ ಕೆಳಕಂಡ ವಿವರಗಳನ್ನು ಓದಿಕೊಳ್ಳುವುದು ಸೂಕ್ತ.

2. ಕರ್ತವ್ಯಗಳು

ಶುಶ್ರೂಷಾ ಸಹಾಯಕರು ಶುಶ್ರೂಷಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಕಾರ್ಯನಿರ್ವಹಿಸತಕ್ಕದ್ದು. ಇವರ ಮುಖ್ಯ ಕರ್ತವ್ಯಗಳು ಇಂತಿವೆ:

ಅ) ರೋಗಿಗೆ ಸ್ನಾನ ಮಾಡಿಸುವುದು ಅಥವಾ ಹಾಸಿಗೆಯಲ್ಲಿಯೇ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು, ಮಲಮೂತ್ರ ವಿಸರ್ಜನೆಗೆ ನೆರವಾಗುವುದು.
ಆ) ರೋಗಿ ಮಲಗಿರುವಾಗಲೇ ಹಾಸಿಗೆಯ ಹೊದಿಕೆಯನ್ನು ಬದಲಿಸುವುದು, ಎದ್ದು ಕೂರಲಾಗದ ರೋಗಿಗಳಿಗೆ ಬೆನ್ನುಹುಣ್ಣು ಆಗದಂತೆ, ಸಾಮಾನ್ಯವಾಗಿ ಎರಡು ಗಂಟೆಗಳಿಗೊಮ್ಮೆ, ಮಗ್ಗುಲು ಬದಲಿಸುವುದು.
ಇ) ರೋಗಿಯನ್ನು ಗಾಲಿ ಕುರ್ಚಿ ಅಥವಾ ಸ್ಟ್ರೆಚರ್‌ಗೆ ಸುರಕ್ಷಿತವಾಗಿ ವರ್ಗಾಯಿಸುವುದು.
ಈ) ರೋಗಿಯ ಸ್ಥಿತಿಯಲ್ಲಿ ಬದಲಾವಣೆ ಕಂಡುಬಂದಲ್ಲಿ ಕೂಡಲೇ ಶುಶ್ರೂಷಾಧಿಕಾರಿಯ ಗಮನಕ್ಕೆ ತರುವುದು.
ಉ) ಆಸ್ಪತ್ರೆ ತ್ಯಾಜ್ಯವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ವಿಂಗಡಿಸುವುದು. ರಕ್ತ ತಾಗಿದ ಹತ್ತಿ ಮತ್ತು ಬ್ಯಾಂಡೇಜು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆ ಮತ್ತು ಕೈಗವಸು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ಗಾಜಿನ ಸೀಸೆಗಳು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು.

ಚುಚ್ಚುಮದ್ದು ನೀಡುವುದು, ಡ್ರಿಪ್ ಹಾಕುವುದು ಮತ್ತು ಔಷಧದ ಪ್ರಮಾಣವನ್ನು ನಿರ್ಧರಿಸುವುದು ಇವರ ಕರ್ತವ್ಯವಲ್ಲ. ಮನೆಯಲ್ಲಿ ಆರೈಕೆಗೆ ನೇಮಕಗೊಂಡವರಿಗೆ ಕುಟುಂಬದವರಿಂದ ಇಂತಹ ಕೋರಿಕೆ ಬರುವುದು ಸಹಜ. ಅದನ್ನು ವಿನಯದಿಂದಲೇ ನಿರಾಕರಿಸಿ, ವೈದ್ಯರನ್ನು ಅಥವಾ ನೋಂದಾಯಿತ ನರ್ಸ್ ಅವರನ್ನು ಕರೆಸುವಂತೆ ತಿಳಿಸತಕ್ಕದ್ದು. ಅಪಾಯ ಸಂಭವಿಸಿದಲ್ಲಿ ರೋಗಿಯ ಜೀವಕ್ಕೂ ಸಹಾಯಕರ ಜೀವನೋಪಾಯಕ್ಕೂ ಧಕ್ಕೆಯಾಗುತ್ತದೆ.

ಈ ಕೆಲಸದಲ್ಲಿ ರಾತ್ರಿ ಪಾಳಿ, ದೀರ್ಘಕಾಲ ನಿಂತಿರುವುದು ಮತ್ತು ಭಾರ ಎತ್ತುವುದು ಅನಿವಾರ್ಯ. ಪರರ ಮಲಮೂತ್ರ, ವಾಂತಿ, ಗಾಯಗಳನ್ನು ಅಸಹ್ಯಪಡದೆ ಸ್ವಚ್ಛಗೊಳಿಸುವ ಮನಸ್ಸು ಇರಬೇಕು. ಪರದೆ ಎಳೆದು, ರೋಗಿಯ ಮಾನಕ್ಕೆ ಕುಂದು ಬಾರದಂತೆ ಆರೈಕೆ ಮಾಡುವುದೂ ತರಬೇತಿಯ ಭಾಗವಾಗಿರುತ್ತದೆ.

3. ಅರ್ಹತೆ ಮತ್ತು ತರಬೇತಿ

ಜಿ.ಡಿ.ಎ. ತರಬೇತಿಗೆ ಸಾಮಾನ್ಯವಾಗಿ ಹತ್ತನೆಯ ತರಗತಿಯ ವಿದ್ಯಾರ್ಹತೆಯನ್ನು ಕೇಳಲಾಗುತ್ತದೆ. ಪುರುಷರೂ ಮಹಿಳೆಯರೂ ಅರ್ಜಿ ಸಲ್ಲಿಸಬಹುದು. ವಯೋಮಿತಿಯು ಯೋಜನೆಯಿಂದ ಯೋಜನೆಗೆ ಬೇರೆಯಾಗಿರುತ್ತದೆ. ತರಗತಿಯ ಪಾಠದ ಜೊತೆಗೆ ಕೌಶಲ್ಯ ಪ್ರಯೋಗಾಲಯದ ಅಭ್ಯಾಸವೂ ಆಸ್ಪತ್ರೆಯಲ್ಲಿನ ಪ್ರಾಯೋಗಿಕ ತರಬೇತಿಯೂ ಇರುತ್ತವೆ. ಕೊನೆಯಲ್ಲಿ ತರಬೇತಿ ಕೇಂದ್ರಕ್ಕೆ ಸಂಬಂಧಿಸದ ಮೌಲ್ಯಮಾಪಕರು ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ಹುದ್ದೆಯ ಮಾನದಂಡವನ್ನು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿದ್ದು, ಅದರ ಸಂಕೇತ ಎಚ್‌ಎಸ್‌ಎಸ್/ಕ್ಯೂ5101 ಆಗಿರುತ್ತದೆ.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2014ರಲ್ಲಿ ಗ್ರಾಮೀಣ ಯುವಜನರಿಗಾಗಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಹಾಗೂ 2017ರಲ್ಲಿ ಆರಂಭವಾದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಗಳನ್ನು ಅಭ್ಯರ್ಥಿಗಳಿಂದ ಶುಲ್ಕ ಪಡೆಯದೆ ತರಬೇತಿ ನೀಡಲು ರೂಪಿಸಲಾಗಿದೆ. ಯಾವ ಯೋಜನೆಯಡಿ, ಯಾವ ಕೇಂದ್ರದಲ್ಲಿ ಜಿ.ಡಿ.ಎ. ತರಬೇತಿಗೆ ಪ್ರವೇಶ ತೆರೆದಿದೆ ಎಂಬುದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಸರ್ಕಾರಿ ಯೋಜನೆಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ಅದೇ ಕಛೇರಿಗೆ ಲಿಖಿತ ದೂರು ಸಲ್ಲಿಸಬಹುದು.

4. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕ, ಇತ್ತೀಚಿನ ಭಾವಚಿತ್ರಗಳು ಹಾಗೂ ಯೋಜನೆಯು ಕೇಳಿದಲ್ಲಿ ನಾಡಕಛೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇರುವುದನ್ನು ಮೊದಲೇ ಪರಿಶೀಲಿಸಿಕೊಳ್ಳಬೇಕು. ನಕಲು ಪ್ರತಿಗಳನ್ನು ಮಾತ್ರ ಸಲ್ಲಿಸಿ, ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ಹಿಂಪಡೆಯತಕ್ಕದ್ದು.

5. ಸಹಾಯಕರು ಮತ್ತು ನರ್ಸ್: ವ್ಯತ್ಯಾಸ

ನರ್ಸ್ ಆಗಿ ಕೆಲಸ ಮಾಡಲು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. ಈ ನೋಂದಣಿಗೆ ಅವಕಾಶವಿರುವ ಪ್ರಮುಖ ಕೋರ್ಸುಗಳು ಮೂರು. ಮಹಿಳೆಯರಿಗಾಗಿರುವ ಎ.ಎನ್.ಎಂ. ಕೋರ್ಸಿನ ಅವಧಿ 2 ವರ್ಷ. ಇದಕ್ಕೆ ಕಲಾ ವಿಭಾಗದಲ್ಲಿ ದ್ವಿತೀಯ ಪಿ.ಯು.ಸಿ. ಉತ್ತೀರ್ಣರಾದವರೂ ಅರ್ಹರು. ಜಿ.ಎನ್.ಎಂ. ಕೋರ್ಸಿನ ಅವಧಿ 3 ವರ್ಷ. ಬಿ.ಎಸ್‌ಸಿ. ನರ್ಸಿಂಗ್ ಪದವಿಯ ಅವಧಿ 4 ವರ್ಷವಾಗಿದ್ದು, ಇದಕ್ಕೆ ವಿಜ್ಞಾನ ವಿಭಾಗದ ಪಿ.ಯು.ಸಿ. ಅಗತ್ಯ.

ಹತ್ತನೆಯ ತರಗತಿಯ ನಂತರ ಆರು ತಿಂಗಳು ಅಥವಾ ಒಂದು ವರ್ಷದಲ್ಲಿ "ನರ್ಸಿಂಗ್" ಕಲಿಸಿ ನರ್ಸ್ ಕೆಲಸ ಕೊಡಿಸುವುದಾಗಿ ಹೇಳುವ ಯಾವುದೇ ಪ್ರಮಾಣಪತ್ರದಿಂದ ಈ ನೋಂದಣಿ ದೊರೆಯುವುದಿಲ್ಲ. ಖಾಸಗಿ ಸಂಸ್ಥೆಗೆ ಹಣ ಪಾವತಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಪ್ರಮಾಣಪತ್ರ ನೀಡುವವರು ಯಾರು? ಅದರ ಮೇಲೆ ಯಾವ ಹುದ್ದೆಯ ಹೆಸರು ಮತ್ತು ಸಂಕೇತ ಮುದ್ರಿತವಾಗುತ್ತದೆ? ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ? ಉತ್ತರಗಳನ್ನು ಲಿಖಿತವಾಗಿ ಪಡೆದು, ಪಾವತಿಗೆ ರಸೀದಿ ಪಡೆಯತಕ್ಕದ್ದು.

6. ಕೆಲಸಕ್ಕೆ ಸೇರುವಾಗ

ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು, ವೇತನ, ಕೆಲಸದ ಅವಧಿ ಮತ್ತು ವಾರದ ರಜೆ ನಮೂದಾಗಿರಬೇಕು. ಏಜೆನ್ಸಿಯ ಮೂಲಕ ಸೇರುವವರು ವೇತನದಲ್ಲಿ ಕಡಿತವಾಗುವ ಮೊತ್ತ ಎಷ್ಟು, ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಸೌಲಭ್ಯ ಅನ್ವಯವಾಗುತ್ತದೆಯೇ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು. ವೈದ್ಯಕೀಯ ತ್ಯಾಜ್ಯವನ್ನು ನಿರ್ವಹಿಸುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಮೇಲ್ಕಂಡ 2016ರ ನಿಯಮಗಳಂತೆ ಆಸ್ಪತ್ರೆಯ ಹೊಣೆಯಾಗಿರುತ್ತದೆ. ಲಸಿಕೆಯನ್ನು ಕೇಳಿ ಪಡೆಯಲು ಹಿಂಜರಿಯಬೇಕಾಗಿಲ್ಲ. ಬಳಸಿದ ಸೂಜಿ ಚುಚ್ಚಿದಲ್ಲಿ ಗಾಯವನ್ನು ಸೋಪು ಮತ್ತು ನೀರಿನಿಂದ ತೊಳೆದು, ಕೂಡಲೇ ವರದಿ ಮಾಡಿ ಚಿಕಿತ್ಸೆ ಪಡೆಯಬೇಕು. ಬೈಗುಳದ ಭಯದಿಂದ ಇದನ್ನು ಮುಚ್ಚಿಡುವುದು ಅಪಾಯಕರ.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಜಿ.ಡಿ.ಎ. ಆದವರು ಮುಂದೆ ನರ್ಸ್ ಆಗಬಹುದೇ?
ಉತ್ತರ: ಆಗಬಹುದು. ಆದರೆ ಜಿ.ಡಿ.ಎ. ಪ್ರಮಾಣಪತ್ರದ ಆಧಾರದ ಮೇಲೆ ನೇರವಾಗಿ ಅಲ್ಲ. ದ್ವಿತೀಯ ಪಿ.ಯು.ಸಿ. ಉತ್ತೀರ್ಣರಾಗಿ, ಮಾನ್ಯತೆ ಪಡೆದ ಶಾಲೆ ಅಥವಾ ಕಾಲೇಜಿನಲ್ಲಿ ಮೊದಲ ವರ್ಷದಿಂದಲೇ ನರ್ಸಿಂಗ್ ಕೋರ್ಸಿಗೆ ಸೇರಬೇಕಾಗುತ್ತದೆ. ವಯೋಮಿತಿ ಮೀರುವ ಮೊದಲೇ ಇದನ್ನು ಯೋಜಿಸಿಕೊಳ್ಳುವುದು ಒಳಿತು.

ಪ್ರಶ್ನೆ: ಈ ಪ್ರಮಾಣಪತ್ರದಿಂದ ವಿದೇಶದಲ್ಲಿ ಕೆಲಸ ದೊರೆಯುವುದೇ?
ಉತ್ತರ: ಪ್ರತಿಯೊಂದು ದೇಶವೂ ತನ್ನದೇ ನಿಯಮಗಳನ್ನು ಹೊಂದಿರುತ್ತದೆ. ಉದಾಹರಣೆಗೆ, ಅಮೆರಿಕದಲ್ಲಿ 1987ರ ಕಾಯ್ದೆಯನ್ವಯ ನರ್ಸಿಂಗ್ ಹೋಂಗಳ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ, ಪರೀಕ್ಷೆ ಹಾಗೂ ಆಯಾ ರಾಜ್ಯದ ನೋಂದಣಿ ಪಟ್ಟಿಯಲ್ಲಿ ಹೆಸರು ಇರಬೇಕು. ಭಾರತದ ಪ್ರಮಾಣಪತ್ರವು ಅದಕ್ಕೆ ಬದಲಿಯಾಗುವುದಿಲ್ಲ. ವಿದೇಶಿ ಕೆಲಸದ ಭರವಸೆ ನೀಡುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಹೊಂದಿರುವುದನ್ನು ಪರಿಶೀಲಿಸದೆ ಹಣವನ್ನಾಗಲಿ ಪಾಸ್‌ಪೋರ್ಟನ್ನಾಗಲಿ ನೀಡಬಾರದು.

ಪ್ರಶ್ನೆ: ಈಗಾಗಲೇ ತರಬೇತಿ ಇಲ್ಲದೆ ಆಯಾ ಆಗಿ ದುಡಿಯುತ್ತಿರುವವರಿಗೆ ಅವಕಾಶವಿದೆಯೇ?
ಉತ್ತರ: ಕೆಲಸದ ಅನುಭವವನ್ನು ಪರಿಗಣಿಸಿ, ಅಲ್ಪಾವಧಿ ತರಬೇತಿಯ ನಂತರ ಮೌಲ್ಯಮಾಪನ ನಡೆಸಿ ಪ್ರಮಾಣಪತ್ರ ನೀಡುವ "ಪೂರ್ವ ಕಲಿಕೆಯ ಮಾನ್ಯತೆ" ಎಂಬ ಪದ್ಧತಿ ಇದೆ. ಅನುಭವವನ್ನು ದೃಢೀಕರಿಸುವ ಪತ್ರವನ್ನು ಆಸ್ಪತ್ರೆಯಿಂದ ಪಡೆದಿಟ್ಟುಕೊಳ್ಳುವುದು ಉಪಯುಕ್ತ.

ಹೆಚ್ಚಿನ ವಿವರಗಳಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸುವುದು. ನರ್ಸಿಂಗ್ ಶಾಲೆಗಳ ಮಾನ್ಯತೆಯ ಬಗ್ಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ವಿಚಾರಿಸತಕ್ಕದ್ದು.