ಅಕ್ಕಿ ಬದಲು 170 ರೂಪಾಯಿ (ಭಾಗ 4)

2023ರ ಜೂನ್ ನೆನಪಿದೆಯಾ? ಕೊರೊನಾ ಕಾಲದ ಹೆಚ್ಚುವರಿ 5 ಕೆಜಿ ಅಕ್ಕಿ 2022ರ ಕೊನೆಗೇ ನಿಂತಿತ್ತು. ಬಿಪಿಎಲ್ ಕಾರ್ಡಿನವರಿಗೆ ಮತ್ತೆ ತಲಾ 10 ಕೆಜಿ ಕೊಡ್ತೀವಿ ಅಂತ ಹೊಸ ರಾಜ್ಯ ಸರ್ಕಾರ ಮಾತು ಕೊಟ್ಟಿತ್ತು. 5 ಕೆಜಿ ಕೇಂದ್ರದ್ದು, ಉಳಿದಿದ್ದನ್ನ ರಾಜ್ಯ ಭಾರತೀಯ ಆಹಾರ ನಿಗಮದಿಂದ ಕೊಳ್ಳಬೇಕಿತ್ತು. ಜೂನ್ 12ಕ್ಕೆ ನಿಗಮ ಒಪ್ಪಿತು. 13ಕ್ಕೆ, ಬೆಲೆ ಏರಿಕೆ ತಡೀಬೇಕು ಅಂತ ಕೇಂದ್ರ ರಾಜ್ಯಗಳಿಗೆ ಮಾರೋದನ್ನೇ ನಿಲ್ಲಿಸ್ತು. ಒಂದೇ ದಿನ! ದುಡ್ಡು ಕೊಡ್ತೀವಿ ಅಂದ್ರೂ ಅಕ್ಕಿ ಇಲ್ಲ.

ಬೇರೆ ರಾಜ್ಯಗಳನ್ನ ಕೇಳಿದ್ದೂ ಆಯ್ತು, ಹೊಂದಲಿಲ್ಲ. ಜುಲೈನಿಂದ ಕೆಜಿಗೆ 34ರಂತೆ ತಲಾ 170 ರೂಪಾಯಿ ಖಾತೆಗೆ.

ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಲ್ಲಿ. 34 ಅನ್ನೋದು ನಿಗಮದ ದರ, ಕಿರಾಣಿ ಅಂಗಡಿದಲ್ಲ. ಅಂಗಡಿಯಲ್ಲಿ ಬೆಲೆ ಏರಿದರೆ 5 ಕೆಜಿ ನಾಲ್ಕಾಗುತ್ತೆ, 170 ಮಾತ್ರ 170. ಏರುಪೇರಿನ ಭಾರ ಸರ್ಕಾರದ ಹೆಗಲಿಂದ ಮನೆಯವರ ಹೆಗಲಿಗೆ ಬಂತು. ಮೇಲಿಂದ ಖಾತೆಗೆ ಆಧಾರ್ ಜೋಡಣೆ ಬೇಕು. ಖಾತೆಯೇ ಇಲ್ಲದ ಅಜ್ಜಿಯರಿಗೆ ಬ್ಯಾಂಕು, ಪೋಸ್ಟಾಫೀಸಿನ ಕ್ಯೂ. ಫಾರಂ ತುಂಬೋಕೆ ಮೊಮ್ಮಕ್ಕಳು, ಪಕ್ಕದ ಮನೆಯವರೇ ಗತಿ.

ಆದ್ರೂ ಏನೂ ಕೊಡದೆ ಕೂರೋದಕ್ಕಿಂತ ಅದೇ ಸರಿ ಅನ್ಸುತ್ತೆ ನನಗೆ. ನಿಗಮ ಕೆಜಿಗೆ 22.50ರಂತೆ ಕೊಡೋಕೆ ಒಪ್ಪಿದ ಮೇಲೆ, 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ ಕೊಡೋ ತೀರ್ಮಾನ ಆಯ್ತು.